ಎಳೆಯ ತುದಿ

ಶಿಡ್ಲಘಟ್ಟದ ನಮ್ಮ ಗುಡಿಯಲ್ಲಿ ಮದುವೆ ದಾಖಲೆ ಬರೆಯುವವನು ನಾನು,
ಉಪದೇಶಿ ಇನ್ನಾಸಪ್ಪ. ನಲವತ್ತು ವರ್ಷ, ಮೂರು ಪುಸ್ತಕ, ಒಂದೇ ನೀಲಿ ಮಸಿ.

ಆ ವಕೀಲನ ಹೆಸರನ್ನು ಫಾದರ್ ಅರುಳಪ್ಪನವರೂ ಹೇಳಲಿಲ್ಲ.
ಬೊಲೋನ್ಯದವನಂತೆ, ಎಂಟುನೂರು ವರ್ಷದ ಹಿಂದೆ.
ಎಲ್ಲಿ ಹುಟ್ಟಿದ, ಎಲ್ಲಿ ಹೂತರು, ಯಾರೂ ಬರೆದಿಡಲಿಲ್ಲ;
ಲೋಕದವರ ಹುಟ್ಟು ಸಾವನ್ನೆಲ್ಲ ಕಾಯಿದೆಗೆ ಕಟ್ಟಿದವನದು.

ಅವನ ಕೆಲಸವೂ ನೂಲು ಬಿಚ್ಚುವುದೇ ಅಂದರು ಫಾದರ್:
ಒಬ್ಬ ಪೋಪ್ ಹೌದೆಂದದ್ದು, ಒಂದು ಸಭೆ ಅಲ್ಲವೆಂದದ್ದು,
ಸತ್ತ ಸಂತನೊಬ್ಬ ಎರಡನ್ನೂ ಅಂದದ್ದು,
ಎಲ್ಲ ಗೂಡನ್ನೂ ಬಿಸಿನೀರಿಗೆ ಹಾಕಿ, ತುದಿ ತಡಕಿ,
ಒಂದೇ ಎಳೆಯಾಗಿ ಬರುವಂತೆ ಎಳೆಯುವುದು.
ಬೆರಳು ಸುಟ್ಟಿತ್ತೋ ಏನೋ.

ಆ ಕಾಲದ ಪುಸ್ತಕದಲ್ಲೊಂದು ಮರ. ಕೊಂಬೆ ಕೊಂಬೆಗೂ ನೆಂಟರು,
ಅಕ್ಕನ ಮಗಳು, ಅಜ್ಜಿಯ ತಮ್ಮನ ಮೊಮ್ಮಗ.
ಏಳು ತಲೆ ಎಣಿಸು, ಅಷ್ಟರೊಳಗೆ ಮದುವೆ ಕೂಡದು.
ಆಮೇಲೆ ನಾಲ್ಕಕ್ಕೆ ಇಳಿಸಿದರಂತೆ. ಹೆಣ್ಣು ಸಿಗಬೇಕಲ್ಲ!
ನಾನು ನಕ್ಕೆ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು;
ಹೊಲ ಹೊರಗೆ ಹೋಗದು,
ಜಗಳವೂ.

ಚೌರಪ್ಪ ಬಂದ, ಅಕ್ಕನ ಮಗಳು ಲೂರ್ದಮ್ಮನ ಕೈಹಿಡಿಯಲು
ಬಿಷಪ್ಪರ ಅಪ್ಪಣೆ ಬೇಕೆಂದು. ಅರ್ಜಿ ಬರೆದವನು ನಾನೇ.
ಶಾಮಿಯಾನಕ್ಕೆ ಮುಂಗಡ ಕೊಟ್ಟಾಗಿತ್ತು.
ಫಾದರ್ ಸಹಿ ಹಾಕಲಿಲ್ಲ. ಎದ್ದು ರೀಲಿಂಗ್ ಶೆಡ್ಡಿಗೆ ನಡೆದರು.
ಆವಿ, ಹುಳದ ವಾಸನೆ, ಕನ್ನಡಕ ಒರೆಸಿಕೊಂಡು ಅಂದರು:
"ಮರ ಹಾಗಿರಲಿ. ಜಗಳವಾಡಿ ಜಗಳವಾಡಿ ಆ ವಕೀಲರು
ಕೊನೆಗೆ ಒಪ್ಪಿದ ಮಾತೊಂದಿದೆ. ಅಪ್ಪನ ಮಾತಲ್ಲ, ಊಟವಲ್ಲ,
ಇಬ್ಬರ ಒಪ್ಪಿಗೆಯೇ ಮದುವೆ.
ಲೂರ್ದಮ್ಮ, ನಿನಗೆ ಇಷ್ಟವೇನಮ್ಮ?"

ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ನಾನೂ.
ಅವಳ ಬೆರಳು ನೀರಿನಲ್ಲಿ, ಬೆಳ್ಳಗೆ ಸುಕ್ಕುಗಟ್ಟಿ.
ಎಳೆ ಕಡಿಯಿತು. ರಾಟೆ ತಿರುಗುತ್ತಲೇ ಇತ್ತು.
"ಇಲ್ಲ ಫಾದರ್," ಅಂದಳು,
ಮತ್ತೆ ತುದಿ ಹುಡುಕತೊಡಗಿದಳು.

ಅರ್ಜಿಯನ್ನು ಹರಿಯಲಿಲ್ಲ. ಹಿಂಬದಿ ಖಾಲಿಯಿತ್ತು, ಲೆಕ್ಕ ಬರೆಯಲು ಇಟ್ಟುಕೊಂಡೆ.

ರಾತ್ರಿ ಮುದ್ದೆ ಬಡಿಸುವಾಗ ಜ್ಞಾನಮ್ಮನನ್ನು ಕೇಳಿದೆ.
ಅವಳೂ ನನ್ನ ಅಕ್ಕನ ಮಗಳೇ:
ಮೊದಲ ಪುಸ್ತಕ, ಪುಟ ಹನ್ನೊಂದು, ನನ್ನದೇ ಅಕ್ಷರ,
ಅವಳದು ಹೆಬ್ಬೆಟ್ಟು.
"ಅವತ್ತು ನಿನಗೆ ಇಷ್ಟ ಇತ್ತಾ?"
ಸೌಟು ನಿಂತಿತು. ಹೊರಗೆ ಬಸ್ಸೊಂದು ಚಿಂತಾಮಣಿ ಕಡೆ ಹೋಯಿತು.
"ಮಾವ," ಅಂದಳು, ಮದುವೆಗೆ ಮುಂಚೆ ಕರೆಯುತ್ತಿದ್ದ ಹಾಗೇ,
"ಸಾರು ಆರೋಗ್ತದೆ, ಉಣ್ಣು."