ಎಂಟರ ನಡುಗೆರೆ

ಸವಾಲು ಮುಗಿಯಲು ಹನ್ನೊಂದು ಸೆಕೆಂಡು ಇದ್ದಾಗ
ಎಂಟು ಸಾವಿರದ ಎಂಟುನೂರು ಒತ್ತಿದೆ.
ನಾನೇ ಒತ್ತಿದ್ದು, ಈ ಬಲಗೈ ಹೆಬ್ಬೆರಳು,
ಮೂವತ್ತು ವರ್ಷ ರಾಯಚೂರು ಗಂಜಿನಲ್ಲಿ
ಹತ್ತಿಯ ಎಳೆ ಹಿಂಜಿ, ಉದ್ದ ನೋಡಿ
ದರ ಹೇಳಿದ ಹೆಬ್ಬೆರಳು.

ವಸ್ತು: ಒಂದು ಹಳೆಯ ಕ್ಯಾಲ್ಕುಲೇಟರು. ಜಪಾನಿನದು.
ಎರಡು ಇಟ್ಟಿಗೆಯಷ್ಟು ದಪ್ಪ, ಗೋಡೆಗೆ ಚುಚ್ಚುವ ವೈರು,
ಹಸಿರು ಅಂಕಿ.
‘ಚಾಲೂ ಇದೆ, ಪರೀಕ್ಷಿಸಿಲ್ಲ’ ಎಂದು ಬರೆದಿದ್ದರು.
ಎರಡೂ ಒಟ್ಟಿಗೆ ಹೇಗೆ ನಿಜವಾದೀತು ಅಂತ
ಗಂಜಿನ ಸಾಬಣ್ಣನಾದರೆ ಕೇಳುತ್ತಿದ್ದ.
ನಡುರಾತ್ರಿ ಮಂಚದ ಮೇಲಿನ ಸಾಬಣ್ಣ ಕೇಳಲಿಲ್ಲ.

ಎದುರಿನವನ ಹೆಸರಿಗೆ ಮುಸುಕು:
ಮೊದಲೊಂದು ಅಕ್ಷರ, ನಡುವೆ ಮೂರು ಚುಕ್ಕಿ, ಕೊನೆಗೊಂದು ಏಳು.
ನಾನು ಸಾವಿರ ಅಂದರೆ ಅವನು ಸಾವಿರದ ನೂರು.
ನಾನು ಮೂರು ಅಂದರೆ ಅವನು ಮೂರೂ ಕಾಲು.
ಬೀಡಿ ಹಚ್ಚಲಿಲ್ಲ, ಹೆಗಲ ಟವಲು ಝಾಡಿಸಲಿಲ್ಲ.
ಗಂಜಿನಲ್ಲಿ ಮುಖ ಇರುತ್ತಿತ್ತು.
ಮಾನ್ವಿ ಕಡೆಯವ ಗಂಟಲು ಸರಿಮಾಡಿಕೊಂಡರೆ
ಇನ್ನೂ ಐವತ್ತು ಏರಿಸುತ್ತಾನೆ,
ಗುಂತಕಲ್ಲಿನವ ಚಪ್ಪಲಿ ಮೆಟ್ಟಿದನೆಂದರೆ ಮುಗಿಯಿತು.

ಯಾರೂ ಇರಲಿಕ್ಕಿಲ್ಲ ಅಂತಲೂ ಗೊತ್ತಿತ್ತು.
ಮಾರುವವನ ಅಳಿಯನೋ, ಅವನದೇ ಇನ್ನೊಂದು ಫೋನೋ.
ಅಂಥ ಸುಳ್ಳು ಸವಾಲನ್ನು ಗುಂಪಿನ ಹಿಂದೆ ನಿಂತು
ನಾನೇ ಕೂಗಿದ್ದೇನೆ, ಸೇಠರು ಕಣ್ಣು ಮಿಟುಕಿಸಿದಾಗ.
ಸಂಜೆ ಅದರ ಚಹಾ ಕುಡಿದಿದ್ದೇನೆ.

ಬಂಕಟಲಾಲ್ ಸೇಠರ ಗಾದಿಯ ಮೇಲೆ ಇಂಥದೇ ಒಂದಿತ್ತು.
ಶಕ್ತಿನಗರದ ಚಿಮಣಿ ಇನ್ನೂ ಅರ್ಧ ಎದ್ದಿದ್ದ ವರ್ಷ
ಮುಂಬಯಿಯಿಂದ ತಂದರು.
ದೀಪಾವಳಿಗೆ ಅದಕ್ಕೂ ಅರಿಶಿನ, ಕುಂಕುಮ,
ಕೆಲಸ ಮುಗಿದರೆ ಕೆಂಪು ಬಟ್ಟೆ ಸುತ್ತಿ ತಿಜೋರಿಯೊಳಗೆ.
ನಾನು ಬಾಯಿಲೆಕ್ಕ ಹೇಳಬೇಕು,
ಅವರು ಗುಂಡಿ ಒತ್ತಿ ತಾಳೆ ನೋಡಬೇಕು.
ನಲವತ್ಮೂರು ಅಂಡಿಗೆ, ಒಂದೊಂದರ ತೂಕ ಒಂದೊಂದು,
ಹಮಾಲಿ, ದಲ್ಲಾಳಿ, ಧರ್ಮಾದಾಯ ಎಲ್ಲ ಕಳೆದು
ನಾನು ಹೇಳಿ ಎಲೆಗೆ ಸುಣ್ಣ ಹಚ್ಚುವ ಹೊತ್ತಿಗೆ
ಅದು ಹಸಿರು ಬಾಯಿ ತೆರೆಯುತ್ತಿತ್ತು: ಅದೇ ಅಂಕಿ.
ಒಂದು ದಿನವೂ ಸೇಠರು ನನಗೆ ಶಭಾಷ್ ಅನ್ನಲಿಲ್ಲ.
ಅದಕ್ಕೆ ಅಂದರು. ‘ಬರಾಬರ್ ಹೇಳ್ತದ ನೋಡು.’
ಮುಟ್ಟಗೊಡಲಿಲ್ಲ.
ಕರೆಂಟು ಹೋದಾಗ ಮಾತ್ರ, ‘ಏ ಸಾಬಣ್ಣಾ.’

ಆರನೆಯ ದಿನ ತೀನ್ ಕಂದೀಲಿನ ಹತ್ತಿರ ಕೊರಿಯರಿನವನಿಂದ ಇಸಕೊಂಡು
ಬಿಸಿ ಒಗ್ಗರಣಿ ಪೊಟ್ಟಣದ ಹಾಗೆ ಎದೆಗವುಚಿ ತಂದೆ.
ಚುಚ್ಚಿದೆ. ಬೆಳಗಿತು.
ಎಲ್ಲ ಮನೆಯಲ್ಲೂ ನಡುವಿನ ಅಡ್ಡಗೆರೆ ಸತ್ತಿದೆ.
ಒಂದು ಒಂದೇ, ಏಳು ಏಳೇ,
ಎರಡು, ಮೂರು ಸೊಂಟ ಮುರಿದು ನಿಂತಿವೆ,
ಎಂಟು ಮಾತ್ರ ಸೊನ್ನೆ.

ಕೊಟ್ಟದ್ದನ್ನು ಒತ್ತಿದೆ: ಎಂಟು, ಎಂಟು, ಸೊನ್ನೆ, ಸೊನ್ನೆ.
‘ಎಷ್ಟು ಕೊಟ್ರಿ?’ ಅಂದಳು ತಾಯಮ್ಮ.
ತೋರಿಸಿದೆ.
ಕನ್ನಡಕ ಹಾಕಿಕೊಂಡು ನಾಲ್ಕು ಸೊನ್ನೆ ಎಣಿಸಿದಳು.
‘ಪುಕ್ಕಟೆ ಬಂತೇನು’ ಅಂದಳು, ನಂಬದೆ,
ಒರೆಸುವ ಬಟ್ಟೆ ತರಲು ಒಳಗೆ ಹೋದಳು.

ಸಂಜೆ ಕರೆಂಟು ಹೋಯಿತು, ಸೊನ್ನೆಗಳೂ ಹೋದವು.
ಬಾಗಿಲಲ್ಲಿ ರದ್ದಿಯ ಹುಸೇನಪ್ಪ ತಕ್ಕಡಿ ಎತ್ತಿ ಹಿಡಿದಿದ್ದ.
‘ಹದಿನೇಳೂವರಿ ಕಿಲೋ, ಹದಿನಾರರಂಗ, ಎಷ್ಟಾತ್ರಿ?’
ಇನ್ನೂರಾ ಎಂಬತ್ತು ಅಂದೆ
ಅವನು ತಕ್ಕಡಿ ಇಳಿಸುವ ಮೊದಲೇ.
ಬಾಯೊಳಗೆ ಎಂಟರ ಗೆರೆ ಗಟ್ಟಿಯಿತ್ತು.
ಅವನು ಫೋನು ತೆಗೆದು ಒತ್ತಿ ನೋಡಿದ.
ಹೌದೆಂದು ತಲೆಯಾಡಿಸಿದ, ಫೋನಿಗೆ.
‘ಆ ಡಬ್ಬಿನೂ ಹಾಕ್ತೀರೇನ್ರಿ?
ಪ್ಲಾಸ್ಟಿಕ್ಕು ಕಿಲೋಕ್ಕ ಹತ್ತು.’

ಈಗ ರಾತ್ರಿ. ಇನ್ನೊಂದು ಬಂದಿದೆ,
ಕೆಂಪು ಅಂಕಿಯದು,
ಎರಡು ದಿನ ಬಾಕಿ, ಯಾರೂ ಕೂಗಿಲ್ಲ.
ಈ ಸಲ ಇಷ್ಟೇ ಅಂತ ಒಂದು ಮಿತಿ ಹಾಕಿಕೊಂಡಿದ್ದೇನೆ.
ಬರೆದಿಟ್ಟಿಲ್ಲ.
ಬಾಯಿಲೆಕ್ಕ.