ಅಂಗೈಯಲ್ಲೊಂದು ಹಲ್ಲಿ

ಬ್ಯಾಲರಾಟಿನ ಚಳಿಗೆ ಗೋಡೆಗಳ ಮೇಲೆ ಹಲ್ಲಿ ಇಲ್ಲ.
ಹನ್ನೊಂದು ವರ್ಷದಿಂದ ನಾನಾಡಿದ ಮಾತಿಗೆ
ಲೊಚಗುಟ್ಟಿ ಹೌದೆಂದವರಿಲ್ಲ.

ಸಾಸಿವೆ ಬಂದದ್ದು ಆಗಸ್ಟಿನಲ್ಲಿ.
ಪಂದ್ಯದ ಓಟ ಮುಗಿಸಿದ ಗ್ರೇಹೌಂಡು, ಕಡುಗಪ್ಪು,
ಕಿವಿಯೊಳಗೆ ಹಚ್ಚೆಯ ಹಸಿರು ಅಕ್ಷರ.
ಮೆಟ್ಟಿಲು ಗೊತ್ತಿಲ್ಲ, ಗಾಜಿನ ಬಾಗಿಲು ಗೊತ್ತಿಲ್ಲ,
ಟೋಸ್ಟರು ಚಿಮ್ಮಿದರೆ ಸೋಫಾದ ಹಿಂದೆ
ಮಡಚಿಟ್ಟ ಕೊಡೆ.

ಕಲಿಸುವವರು ಬೇಕಿತ್ತು.

ಫುಟ್‌ಬಾಲ್ ಮೈದಾನದ ಗ್ಯಾರಿತ್
ಕೊರಳಿಗೆ ಸೀಟಿ, ಕೈಗೆ ಸರಪಳಿ.
"ಯಜಮಾನಿ ಯಾರೆಂದು ಮೊದಲು ಗೊತ್ತು ಮಾಡಿಸು,"
ಎನ್ನುತ್ತ ಇವಳ ಸೊಂಟ ಒತ್ತಿ ಕೂರಿಸಿದ.
ಕೂತಳು.
ಮನೆಗೆ ಬಂದು ಎರಡು ದಿನ ಬಟ್ಟಲು ಮುಟ್ಟಲಿಲ್ಲ.

ಆಮೇಲಿನವಳ ಗೋಡೆ ತುಂಬ ಪ್ರಮಾಣಪತ್ರ.
ಕ್ಲಿಕ್ಕರ್ ಇತ್ತು, ಹೌದು; ಮಾತೂ ಇತ್ತು,
ಮಾತಿನ ನಡುವೆ ಕ್ಲಿಕ್ಕು, ಕ್ಲಿಕ್ಕಿನ ಮೇಲೆ ಕ್ಲಿಕ್ಕು,
ಒಗ್ಗರಣೆಯ ಹಾಗೆ ಚಟಪಟ.
ತಿನಿಸು ಮಾತ್ರ ಚೀಲದ ತಳದಲ್ಲೆಲ್ಲೋ.
ನಾನು ಗಡಿಯಾರ ನೋಡಿದೆ, ಸಾಸಿವೆ ಬಾಗಿಲು.
ತಾಸಿಗೆ ತೊಂಬತ್ತು ಡಾಲರು.

ಐಲ್ಸಾಳ ಹೆಸರು ಹೇಳಿದ್ದು
ನಾಯಿಗಳ ಉಗುರು ಕತ್ತರಿಸುವ ಹುಡುಗಿ.
"ಸೆಬಾಸ್ಟೊಪೋಲಿನಲ್ಲಿ, ಸ್ಕೌಟ್ ಹಾಲಿನ ಹಿಂದೆ, ಗುರುವಾರ.
ಫೋನು ಎತ್ತುವುದಿಲ್ಲ. ಹೋಗಿ ನೋಡಿ."

ಹೋದೆ. "ನಾಯಿಯನ್ನು ಬಿಟ್ಟು ಬಾ ಮೊದಲು," ಅಂದಳು,
"ಕುರ್ಚಿ ಎಳೆದುಕೊಂಡು ಕೂತು ನೋಡು.
ನನ್ನನ್ನಲ್ಲ, ಬಾಲಗಳನ್ನು."
ನಾಲ್ಕು ನಾಯಿ. ತಾಸು ಮುಗಿಯುವ ತನಕ
ಒಂದು ಬಾಲವೂ ಹೊಟ್ಟೆಯಡಿಗೆ ಹೋಗಲಿಲ್ಲ.

ಮುಂದಿನ ವಾರ ಸಾಸಿವೆಗಿಂತ ಮೊದಲು ನನಗೇ ಪಾಠ.
ಮಾತಿಲ್ಲ. ನಾನು ನಾಯಿ, ಕ್ಲಿಕ್ಕರ್ ಅವಳ ಕೈಯಲ್ಲಿ.
ಕಿಟಕಿಯತ್ತ ಹೋದೆ, ಏನಿಲ್ಲ.
ಮೂಲೆಯ ಬಾವುಟ ಮುಟ್ಟಿದೆ, ಏನಿಲ್ಲ.
ಪೊರಕೆಯತ್ತ ಸುಮ್ಮನೆ ತಿರುಗಿದೆ:
ಟಕ್. ಒಂದು ಬಾದಾಮಿ.
ಒಂದು ಹೆಜ್ಜೆ. ಟಕ್.
ಆರನೇ ನಿಮಿಷಕ್ಕೆ ಹಾಲು ಗುಡಿಸುತ್ತಿದ್ದೆ,
ಐವತ್ತೆರಡರ ಹೆಂಗಸು, ನಗು ತಡೆಯಲಾರದೆ.
ಆಸ್ಪತ್ರೆಯ ಅಡುಗೆಮನೆಯಲ್ಲಿ ನನ್ನ ಇಂಗ್ಲಿಷನ್ನು
ದಿನಕ್ಕೆ ಹತ್ತು ಸಲ ತಿದ್ದುತ್ತಾರೆ.
ಇಲ್ಲಿ ಒಂದು ಸಲವೂ ಯಾರೂ ಅಲ್ಲ ಅನ್ನಲಿಲ್ಲ ಎಂಬುದು
ಕಾರಿನ ಬೀಗ ತೆಗೆಯುವಾಗ ಹೊಳೆಯಿತು.

ಸಾಸಿವೆ ಮೊದಲ ಕ್ಲಿಕ್ಕಿಗೇ ಬೆಚ್ಚಿದಳು.
ಓಟದ ಪೆಟ್ಟಿಗೆಯ ಬಾಗಿಲು ನೆನಪಾಯಿತೋ ಏನೋ.
ಐಲ್ಸಾ ಅದನ್ನು ಜೇಬಿಗೆ ಹಾಕಿ
ಜಡೆಗೆ ಸಿಕ್ಕಿಸಿದ್ದ ಬಾಲ್‌ಪೆನ್ನು ತೆಗೆದಳು.
ಟಿಕ್.
ಅಷ್ಟೇ ಅಷ್ಟು.
ಕಿವಿ ನಿಮಿರಿತು. ಬೇಯಿಸಿದ ಕೋಳಿಯ ಚೂರು.
"ಕೂರಿಸುವುದು ಬೇಡ, ಈ ಜಾತಿಯ ತೊಡೆಗೆ ಕಷ್ಟ.
ನಿಂತಿದ್ದಾಳಲ್ಲ, ನಿಂತದ್ದಕ್ಕೇ ಕೊಡು.
ಕೈತಪ್ಪಿ ಟಿಕ್ ಅಂದರೂ ಕೊಡು;
ಅದು ಮಾತು ಕೊಟ್ಟ ಹಾಗೆ."

ಪೆನ್ನು ನನ್ನ ಕೈಗೆ ಬಂತು. ಟಿಕ್.
ನನ್ನ ಇನ್ನೊಂದು ಕೈ ತಾನಾಗಿ ಬಗ್ಗಿ
ಬೆರಳ ತುದಿಯಿಂದ ನೆಲ ತಟ್ಟಿತು. ಕೃಷ್ಣ, ಕೃಷ್ಣ.
"ಅದೇನದು?"
ಹೇಳಿದೆ: ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ
ಆಗಷ್ಟೇ ಆಡಿದ ಮಾತು ನಿಜ.
ಐಲ್ಸಾ ಬಹಳ ಹೊತ್ತು ಯೋಚಿಸಿದಳು.
"ಹಲ್ಲಿಗೆ ನೀವೇನು ಕೊಡುತ್ತೀರಿ?"
ಏನೂ ಇಲ್ಲ, ಅಂದೆ. ಯಾಕೋ ನಾಚಿಕೆಯಾಯಿತು.

ಮೊನ್ನೆ ಪಶುವೈದ್ಯರ ಕೋಣೆ.
ಚೀಟಿ ಬರೆಯಲೆಂದು ಡಾಕ್ಟರು ಪೆನ್ನು ಒತ್ತಿದರು.
ಸೂಜಿಗೆ ನಡುಗುತ್ತಿದ್ದವಳು ಥಟ್ಟನೆ ತಿರುಗಿ
ನನ್ನ ಮುಖ ನೋಡಿದಳು,
ಆಮೇಲೆ ನನ್ನ ಬೆರಳಿನಡಿಯ ನೆಲ.
ಜೇಬಿನಲ್ಲಿ ಹಳೇ ಬಸ್ ಚೀಟಿ, ನೂಲಿನ ಉಂಡೆ,
ಸಂಜೆಯ ಚಹಾಕ್ಕೆಂದು ಇಟ್ಟುಕೊಂಡ ಅರ್ಧ ರಸ್ಕು.
ಬಗ್ಗಿದೆ. ತಟ್ಟಿದೆ.
ಕೊಟ್ಟೆ.