ಟಕ್ ಎಂದದ್ದು

ಪುಣೆಯವರು ಭೋಸರಿಯನ್ನು ಪುಣೆ ಎನ್ನುವುದಿಲ್ಲ.
ಇಲ್ಲಿ, ಪಾವು ಸುಡುವ ಬೇಕರಿಗೂ ಗ್ರೈಂಡಿಂಗ್ ಶೆಡ್ಡಿಗೂ ನಡುವೆ,
ನಾವು ಸ್ವಿಚ್ಚು ಮಾಡುತ್ತೇವೆ.
ಮನೆಯ ಗೋಡೆಯ ಸ್ವಿಚ್ಚಲ್ಲ.
ಪಿಸ್ತೂಲಿನ ಹಿಡಿಯಂಥ ಕಪ್ಪು ಹಿಡಿಕೆ,
ಎಡಕ್ಕೆ ನಿಲ್ಲು, ಬಲಕ್ಕೆ ನಡೆ.

ದೂರದ ಯಾವುದೋ ಅಣುಸ್ಥಾವರದಲ್ಲಿ, ಯಾವುದೋ ರಾತ್ರಿ
ಒಲೆ ಹದ ತಪ್ಪಿದರೆ
ಒಬ್ಬ ಇದನ್ನು ಬಲಕ್ಕೆ ತಿರುಗಿಸಬೇಕು,
ನೀರು ಓಡಬೇಕು. ಅಷ್ಟೇ ಇದರ ಕೆಲಸ.
ಆ ರಾತ್ರಿ ಬಾರದಿರಲೆಂದೇ ಎಲ್ಲರ ಹರಕೆ.
ಹಾಗಾಗಿ ನಮ್ಮ ಮಾಲು ಒಳ್ಳೆಯದೋ ಕೆಟ್ಟದೋ
ಗಿರಾಕಿಗೆ ನಲವತ್ತು ವರ್ಷ ಗೊತ್ತಾಗುವುದಿಲ್ಲ.
ಸಾಠ್ಯೆ ಸಾಹೇಬರು ಇದನ್ನು ನಗುತ್ತ ಹೇಳುತ್ತಾರೆ.
ನಾನು ಆ ನಗೆಗೆ ಸೇರುವುದನ್ನು ಬಿಟ್ಟು ಆರು ವಾರವಾಯಿತು.

ನನ್ನದು ಕೊನೆಯ ಮೇಜು.
ತಿರುಗಿಸು, ಕೇಳು, ಬರೆ, ಠಸ್ಸೆ ಒತ್ತು.
ಇಂಡಿ ತಾಲೂಕು ಬಿಟ್ಟು ಇಪ್ಪತ್ತಾರು ವರ್ಷ;
ಬೈಯಲು ಮರಾಠಿ ಬಂತು,
ಎಣಿಕೆ ಮಾತ್ರ ಇನ್ನೂ ಕನ್ನಡದಲ್ಲೇ.

ನೂರಾ ಅರವತ್ತಮೂರನೆಯದು ಟಕ್ ಎಂದಿತು.
ಮೀಟರು ಕೂಗಲಿಲ್ಲ.
ಮತ್ತೆ ತಿರುಗಿಸಿದೆ. ಕೂಗಿತು.
ಮತ್ತೆ. ಕೂಗಿತು.
ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ
ಸಾಲೆಯ ಜಾಣ ಹುಡುಗನ ಹಾಗೆ ಉತ್ತರ ಕೊಟ್ಟಿತು.
ವಾಘ್ಮೋಡೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತ,
"ತೊಂಬತ್ತೈದು ಪರ್ಸೆಂಟು!
ನನ್ನ ಮಗ ಅಷ್ಟು ತಗೊಂಡಿದ್ದರೆ
ಈ ಗಲ್ಲಿಗೆ ಯಾಕೆ ಬರುತ್ತಿದ್ದ?" ಎಂದ.

ಟಕ್ ಎನ್ನುವುದು ಸ್ಪ್ರಿಂಗು.
ಒಳಗೆ ಒಂದಕ್ಕೊಂದು ಮುಟ್ಟಬೇಕಾದದ್ದು ಬೇರೆ.
ಗೊತ್ತಿರಲಿಲ್ಲವೆಂದಲ್ಲ.
ಸದ್ದನ್ನೇ ನಂಬಿ ಠಸ್ಸೆ ಒತ್ತಿದ
ಎಷ್ಟೋ ಶನಿವಾರಗಳು ನೆನಪಾದವು.

ಊಟದ ಹೊತ್ತಿನಲ್ಲಿ ಬಿಚ್ಚಿದೆ. ನಾಲ್ಕು ಸ್ಕ್ರೂ.
ಜೇನುಬಣ್ಣದ ಪ್ಲಾಸ್ಟಿಕ್ಕಿನ ಒಂದು ಬೆರಳು,
ಬೆಳ್ಳಿಯ ಚುಕ್ಕೆಯನ್ನು ಬೆಳ್ಳಿಯ ಚುಕ್ಕೆಗೆ ದೂಡುವ ಬೆರಳು,
ಅದರ ಗೆಣ್ಣಿನಲ್ಲಿ ಕೂದಲೆಳೆಯ ಬಿರುಕು.
ಬೆಳಕಿಗೆ ಹಿಡಿದರೆ ಉಂಟು, ಓರೆ ಮಾಡಿದರೆ ಇಲ್ಲ.
ಮೂಸಿದೆ.
ಆ ವಾಸನೆಯ ಗುರುತಿತ್ತು.

ಹೋದ ಮಳೆಗಾಲ ಗ್ರೀಸು ಗಟ್ಟಿಯಾಗಿ
ಅಕ್ಕಲಕೋಟೆಯ ಶೇವಂತಾಬಾಯಿ ಅದನ್ನು ಕೆರೆದು ಕೆರೆದು
ಉಗುರೇ ಕಿತ್ತು ಬರುತ್ತಿದ್ದಾಗ
ಸ್ಪ್ರೇ ಡಬ್ಬಿ ತಂದುಕೊಟ್ಟವನು ನಾನು.
ಬೈಕಿನ ಚೈನಿಗೆ ಹೊಡೆಯುವಂಥದು, ನೂರಾ ನಲವತ್ತು ರೂಪಾಯಿ.
"ಇದರಾಗ ಒರಸು ಯವ್ವಾ, ಕನ್ನಡಿ ಹಂಗ ಆಗ್ತೈತಿ."
ಆಯಿತು, ಕನ್ನಡಿಯ ಹಾಗೆಯೇ.
ದಸರೆಗೆ ನನಗೆ ಬನ್ನಿ ಕೊಟ್ಟು
ಬೆರಳು ಚಾಚಿ ತೋರಿಸಿದಳು:
ಉಗುರು ಬೆಳೆದಿದ್ದವು.

ಆ ಎಣ್ಣೆ ಈ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ,
ಗೆದ್ದಲಿಗಿರುವಷ್ಟು ಸದ್ದೂ ಇಲ್ಲದೆ.
ಆಗಿನಿಂದ ಮೂರು ಪೆಟ್ಟಿಗೆ ಹೋಗಿದ್ದವು,
ಪ್ರತಿ ಕಾಗದದ ಕೆಳಗೂ ಬಾಲ ಉದ್ದ ಬಿಟ್ಟ ನನ್ನ ಸಹಿ.

ಆರು ವಾರ ಹೇಳಲಿಲ್ಲ. ಇದನ್ನೂ ಬರೆಯಬೇಕು.
ಅದನ್ನು ಮತ್ತೆ ಜೋಡಿಸಿ ಊಟದ ಡಬ್ಬಿಯಲ್ಲಿಟ್ಟೆ;
ಅದರ ಜಾಗಕ್ಕೆ ನೂರಾ ಅರವತ್ತನಾಲ್ಕು ಜರುಗಿತು,
ನಾಲ್ಕನೆಯ ಪೆಟ್ಟಿಗೆಯೂ ಲಾರಿ ಹತ್ತಿತು.
ರಾತ್ರಿ ಎದ್ದು ಅಡಿಗೆಮನೆಯ ದೀಪ ಹಾಕುವುದು, ಆರಿಸುವುದು, ಹಾಕುವುದು.
"ಏನು ಎಣಸಾಕತ್ತೀರಿ?" ಎಂದಳು ಹೆಂಡತಿ.
ಎಲ್ಲೋ ಒಬ್ಬ ನೈಟ್ ಶಿಫ್ಟಿನವನು,
ನಾನು ಕಾಣದ ಮುಖ,
ಹಿಡಿಕೆ ತಿರುಗಿಸುತ್ತಾನೆ, ಅಂಗೈಗೆ ಟಕ್ ತಾಗುತ್ತದೆ,
ಇದಾಯಿತು ಎಂದುಕೊಂಡು
ಇನ್ನೊಂದು ಗಾಬರಿಯ ಕಡೆ ತಿರುಗುತ್ತಾನೆ.
ತಪ್ಪು ಅವನದಲ್ಲ.

ಇಂದು ಕಾಗದ ಕೊಟ್ಟೆ. ಪೆಟ್ಟಿಗೆಗಳ ನಂಬರು ಸಹಿತ ಆರು ಸಾಲು.
ಶೇವಂತಾಬಾಯಿಯ ಹೆಸರಿಲ್ಲ,
ಡಬ್ಬಿ ತಂದವನ ಹೆಸರಿದೆ.
ಗಾಜಿನ ಆಚೆ ಸಾಠ್ಯೆ ಸಾಹೇಬರು ಓದುತ್ತಿದ್ದಾರೆ,
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ.
ಮುಂದೆ ನೂರಾ ಅರವತ್ತಮೂರು.
ಕೈ ತಾನಾಗಿ ಅದರತ್ತ ಹೋಗುತ್ತದೆ.
ತಿರುಗಿಸುತ್ತಾರೆ.

ಟಕ್. ಇಲ್ಲಿಯವರೆಗೂ ಕೇಳಿಸಿತು.
ತಲೆಯೆತ್ತಿ ನನ್ನನ್ನು ನೋಡುತ್ತಾರೆ,
ಸರಿಯಾಗಿಯೇ ಇದೆಯಲ್ಲಾ ಎಂಬಂತೆ.